ಪಶ್ಚಿಮ ಘಟ್ಟದ ಶಿಲೀಂಧ್ರಗಳಿಗೆ ಒಂದು ಕಾಯಂ ತಳಿಭಂಡಾರ ಬೇಕು: ರಾಜ್ಯ ಸರ್ಕಾರಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರು,
ಮಾನ್ಯ ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಸಚಿವರು,
ಕರ್ನಾಟಕ ಜೀವವೈವಿಧ್ಯ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರು,
ಬೆಂಗಳೂರು.

ಮಾನ್ಯರೇ,

ನಾನು ಮಲೆನಾಡಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವ ಅಧ್ಯಾಪಕಿ. ಅಣಬೆ ಮತ್ತು ಇತರ ಶಿಲೀಂಧ್ರಗಳು ತಯಾರಿಸುವ, ಔಷಧಿಗೋ ಬೆಳೆ ರಕ್ಷಣೆಗೋ ಒದಗಬಲ್ಲ ರಾಸಾಯನಿಕ ಸಂಯುಕ್ತಗಳ ಬಗ್ಗೆ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ ಸಂಶೋಧನೆಯನ್ನು ಹತ್ತಿರದಿಂದ ಬಲ್ಲವಳಾಗಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಮುಖ್ಯ ಕೋರಿಕೆ ಇಷ್ಟು: ಪಶ್ಚಿಮ ಘಟ್ಟದ ಶಿಲೀಂಧ್ರಗಳನ್ನು ಜೀವಂತವಾಗಿ ಕಾಪಾಡುವ, ಖಚಿತವಾಗಿ ಗುರುತಿಸಿ ಹೆಸರಿಸುವ, ಅರ್ಹ ಸಂಶೋಧಕರು ಯಾರು ಕೇಳಿದರೂ ಒದಗಿಸಬಲ್ಲ ಒಂದು ಕಾಯಂ ತಳಿಭಂಡಾರವನ್ನು ರಾಜ್ಯ ಸರ್ಕಾರ ಸ್ಥಾಪಿಸಬೇಕು, ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿಯೊಂದು ಅಣಬೆ ಸಂಶೋಧನೆಯೂ ತನ್ನ ಮಾದರಿಯನ್ನು ಆ ಭಂಡಾರಕ್ಕೆ ಒಪ್ಪಿಸುವುದನ್ನು ಕಡ್ಡಾಯ ಮಾಡಬೇಕು. ಇದು ಯಾಕೆ ಬೇಕು ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮೊದಲಿಗೆ, ಈಗ ನಮ್ಮ ಪ್ರಯೋಗಾಲಯಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಮಳೆಗಾಲದಲ್ಲಿ ವಿದ್ಯಾರ್ಥಿ ಕಾಡಿನಿಂದ ಅಣಬೆ ತರುತ್ತಾನೆ. ಅದನ್ನು ಒಣಗಿಸಿ ಪುಡಿ ಮಾಡಿ ಮೆಥನಾಲ್‌ನಲ್ಲಿ ನೆನೆಸಿ ಸಾರ ತೆಗೆಯುತ್ತಾನೆ. ಆ ಸಾರವನ್ನು ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ನೇರಳೆ ಮಾಸಿ ಹಳದಿಗೆ ತಿರುಗುತ್ತದೆ. ಇದರಿಂದ ಸಾರಕ್ಕೆ ಉತ್ಕರ್ಷಣ ನಿರೋಧಕ ಗುಣವಿದೆ ಎಂದು ಬರೆಯಲಾಗುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯಲ್ಲಿ ಸಣ್ಣ ಗುಳಿ ಕೊರೆದು, ಅದರಲ್ಲಿ ಸಾರ ತುಂಬಿ, ಸುತ್ತಲೂ ಬ್ಯಾಕ್ಟೀರಿಯಾ ಬೆಳೆಯದ ವಲಯ ಎಷ್ಟು ಮಿಲಿಮೀಟರ್ ಅಗಲವಿದೆ ಎಂದು ಅಳೆಯಲಾಗುತ್ತದೆ. ಈ ಅಣಬೆಯಿಂದ ಮುಂದೆ ಔಷಧಿ ದೊರೆಯುವ ಸಾಧ್ಯತೆ ಇದೆ ಎಂಬ ವಾಕ್ಯದೊಂದಿಗೆ ಪ್ರಬಂಧ ಮುಗಿಯುತ್ತದೆ, ಪದವಿಯೂ ಸಿಗುತ್ತದೆ. ಚಹಾ ಸೊಪ್ಪಿನ ಸಾರ ಹಾಕಿದರೂ ಆ ನೇರಳೆ ಹಳದಿಯಾಗುತ್ತದೆ. ಸಾರದೊಳಗಿನ ನೂರಾರು ಸಂಯುಕ್ತಗಳಲ್ಲಿ ಕೆಲಸ ಮಾಡಿದ್ದು ಯಾವುದು, ಅದು ಹೊಸದೋ ಮೊದಲೇ ಗೊತ್ತಿದ್ದದ್ದೋ, ನಮ್ಮ ಜೀವಕೋಶಕ್ಕೆ ಅದು ವಿಷವಾಗುತ್ತದೆಯೋ ಎಂಬ ಪ್ರಶ್ನೆಗಳಿಗೆ ಈ ಪರೀಕ್ಷೆಗಳಿಂದ ಉತ್ತರ ಸಿಗುವುದಿಲ್ಲ.

ವಿದ್ಯಾರ್ಥಿಗಳನ್ನು ದೂರುವ ಉದ್ದೇಶ ನನಗೆ ಕಿಂಚಿತ್ತೂ ಇಲ್ಲ. ಜಿಗಣೆ ಕಡಿಸಿಕೊಂಡು, ನೆನೆದ ಬಟ್ಟೆಯಲ್ಲೇ ದಿನವಿಡೀ ಕಾಡು ಸುತ್ತಿ, ರಾತ್ರಿ ಕುಳಿತು ಬೀಜಕಗಳ ಅಳತೆ ತೆಗೆಯುವ ಹುಡುಗ ಹುಡುಗಿಯರು ಅವರು. ಅವರ ಕೈಗೆ ಎಟುಕುವ ಉಪಕರಣಗಳಲ್ಲಿ ಎಷ್ಟು ಮಾಡಬಹುದೋ ಅಷ್ಟನ್ನು ಅವರು ಮಾಡುತ್ತಿದ್ದಾರೆ. ಆದರೆ ಸಂಶೋಧನೆ ಸಾರದ ಹಂತದಲ್ಲೇ ನಿಂತುಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆ ಅಣಬೆಯೇ ಉಳಿಯುವುದಿಲ್ಲ. ಒಣ ಮಾದರಿಗೆ ಹರ್ಬೇರಿಯಂ (ಒಣ ಮಾದರಿಗಳ ಸಂಗ್ರಹಾಲಯ) ಸಂಖ್ಯೆ ಇರುವುದಿಲ್ಲ, ಡಿಎನ್‌ಎ ಅನುಕ್ರಮ ಸಾರ್ವಜನಿಕ ದತ್ತಸಂಚಯಕ್ಕೆ ಸೇರಿರುವುದಿಲ್ಲ, ಜೀವಂತ ತಳಿಯಂತೂ ಎಲ್ಲೂ ಇರುವುದಿಲ್ಲ. ಐದು ವರ್ಷ ಕಳೆದು ಇನ್ನೊಬ್ಬರು ಅದೇ ಕೆಲಸವನ್ನು ಮುಂದುವರಿಸೋಣ ಎಂದರೆ ಅವರ ಕೈಯಲ್ಲಿ ಇರುವುದು ಒಂದು ಪ್ರಬಂಧ ಮತ್ತು ಅದರಲ್ಲಿ ಅಚ್ಚಾದ ಒಂದು ಹೆಸರು ಮಾತ್ರ. ಆ ಹೆಸರಾದರೂ ಸರಿಯಾಗಿದೆಯೇ ಎಂದು ಪರೀಕ್ಷಿಸುವ ದಾರಿ ಇರುವುದಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಅಡಿಕೆ, ತೆಂಗಿನ ಬೆಳೆಗಾರರಿಗೆ ಅಣಬೆ ರೋಗ ಗೊತ್ತು. ಮರದ ಬುಡ ಕೊಳೆತು, ಅಲ್ಲಿ ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕಂದು ಬಣ್ಣದ ಗಟ್ಟಿ ಅಣಬೆ ಏಳುತ್ತದೆ. ಅದು ಗ್ಯಾನೋಡರ್ಮಾ ಕುಲದ್ದು. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಇಂಥ ಹೊಳೆಯುವ ಅಣಬೆಗಳೆಲ್ಲ ಗ್ಯಾನೋಡರ್ಮಾ ಲ್ಯೂಸಿಡಮ್ ಎಂದೇ ನಮೂದಾಗಿವೆ. ಆ ಪ್ರಭೇದವನ್ನು ಮೊದಲು ವಿವರಿಸಿದ್ದು ಇಂಗ್ಲೆಂಡಿನ ಮಾದರಿಯ ಆಧಾರದಲ್ಲಿ. ಚೀನಾದಲ್ಲಿ ಔಷಧಿಗೆ ಬಳಸುವ, ಶತಮಾನಕ್ಕೂ ಹೆಚ್ಚು ಕಾಲ ಅದೇ ಹೆಸರಿನಿಂದ ಕರೆಯಲಾದ ಅಣಬೆ ಬೇರೆಯೇ ಪ್ರಭೇದ ಎಂಬುದು ಡಿಎನ್‌ಎ ಅಧ್ಯಯನಗಳಿಂದ ಈಗ ಸ್ಪಷ್ಟವಾಗಿದೆ. ಹಾಗಿರುವಾಗ ಶಿವಮೊಗ್ಗದ ತೋಟದ ಅಣಬೆ ಯಾವುದು? ಅದರ ಸಂಯುಕ್ತಗಳಾದ ಟ್ರೈಟರ್ಪೀನ್‌ಗಳು ಚೀನಾದ ಅಣಬೆಯಲ್ಲಿರುವಂಥವೇ? ಮಾದರಿ ಉಳಿದಿದ್ದರೆ ಇವತ್ತು ಪರೀಕ್ಷೆ ಮಾಡಿ ಹೇಳಬಹುದಿತ್ತು. ಶಿಲೀಂಧ್ರಗಳನ್ನು ಗುರುತಿಸಲು ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಜಾಗತಿಕ ಬಾರ್‌ಕೋಡ್ ಆಗಿ 2012ರಲ್ಲೇ ಒಪ್ಪಿಕೊಳ್ಳಲಾಗಿದೆ. ಅದನ್ನು ಓದಿಸುವುದು ಈಗ ಸಾಮಾನ್ಯ ಕಾಲೇಜಿಗೂ ನಿಲುಕುವ ಖರ್ಚು. ಕಡ್ಡಾಯ ಮಾಡಿದರೆ ಮಾಡುತ್ತಾರೆ.

ಶಿಲೀಂಧ್ರಗಳಿಂದ ನಿಜಕ್ಕೂ ಏನಾದರೂ ಸಿಕ್ಕೀತೇ ಎಂದು ಅನುದಾನ ಮಂಜೂರು ಮಾಡುವ ಸಭೆಗಳಲ್ಲಿ ಕೇಳುವುದುಂಟು. ಪೆನಿಸಿಲಿನ್ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ನಮ್ಮ ರೈತರ ಕೈಯಲ್ಲೇ ಇರುವ ಒಂದು ವಸ್ತುವಿನ ಬಗ್ಗೆ ಹೇಳುತ್ತೇನೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು, ಹಾವೇರಿಯ ಮೆಣಸಿನಕಾಯಿ ಬೆಳೆಗಾರರು ಸಿಂಪಡಿಸುವ ಅಜಾಕ್ಸಿಸ್ಟ್ರೋಬಿನ್ ಎಂಬ ಶಿಲೀಂಧ್ರನಾಶಕದ ಮೂಲ ಒಂದು ಅಣಬೆ. ಯುರೋಪಿನ ಪೈನ್ ಕಾಡಿನಲ್ಲಿ, ನೆಲಕ್ಕೆ ಬಿದ್ದ ಪೈನ್ ಕಾಯಿಗಳ ಮೇಲೆ ಬೆಳೆಯುವ, ಬೆರಳುದ್ದವೂ ಇಲ್ಲದ ಸ್ಟ್ರೋಬಿಲ್ಯೂರಸ್ ಟೆನಾಸೆಲ್ಲಸ್ ಎಂಬ ಅಣಬೆಯಿಂದ ಜರ್ಮನಿಯ ಟಿಮ್ ಆಂಕೆ ಮತ್ತು ವೋಲ್ಫ್‌ಗಾಂಗ್ ಸ್ಟೆಗ್ಲಿಷ್ ಅವರ ತಂಡ 1977ರಲ್ಲಿ ಸ್ಟ್ರೋಬಿಲ್ಯೂರಿನ್ ಎಂಬ ಸಂಯುಕ್ತವನ್ನು ಬೇರ್ಪಡಿಸಿತು. ತನ್ನ ಪಾಲಿನ ಕಾಯಿಗೆ ಬೇರೆ ಶಿಲೀಂಧ್ರಗಳು ಬಂದು ಸೇರದಂತೆ ಆ ಪುಟ್ಟ ಅಣಬೆ ತಯಾರಿಸಿಕೊಂಡ ಅಸ್ತ್ರ ಅದು. ಎದುರಾಳಿಯ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದಲ್ಲಿ ಉಸಿರಾಟದ ಸರಪಳಿಯನ್ನೇ ತಡೆಯುತ್ತದೆ. ಮೂಲ ಸಂಯುಕ್ತ ಬಿಸಿಲಿಗೆ ಬೇಗ ಒಡೆದುಹೋಗುತ್ತಿದ್ದುದರಿಂದ ರಸಾಯನ ವಿಜ್ಞಾನಿಗಳು ಅದರ ರಚನೆಯನ್ನು ಮಾರ್ಪಡಿಸಿದರು, 1996ರಲ್ಲಿ ಆ ವರ್ಗದ ಮೊದಲ ಉತ್ಪನ್ನಗಳು ಮಾರುಕಟ್ಟೆಗೆ ಬಂದವು. ಇಂದು ಪ್ರಪಂಚದಲ್ಲಿ ಅತಿ ಹೆಚ್ಚು ಬಳಕೆಯಾಗುವ ಶಿಲೀಂಧ್ರನಾಶಕಗಳ ಸಾಲಿನಲ್ಲಿ ಅವೂ ಇವೆ. ಆ ಅಣಬೆಯನ್ನು ಯಾರೂ ತಿನ್ನುತ್ತಿರಲಿಲ್ಲ, ಮದ್ದಿಗೂ ಬಳಸುತ್ತಿರಲಿಲ್ಲ. ಅದು ಏನು ತಯಾರಿಸುತ್ತದೆ ಎಂದು ತಾಳ್ಮೆಯಿಂದ ನೋಡಿದವರು ಇದ್ದರು, ಅಷ್ಟೇ.

ತಾಳ್ಮೆ ಎಂದೆ. ಜಪಾನಿನ ಅಕಿರಾ ಎಂಡೊ ಕೊಲೆಸ್ಟ್ರಾಲ್ ಉತ್ಪಾದನೆಯನ್ನು ತಡೆಯುವ ವಸ್ತುವಿಗಾಗಿ 1971ರಿಂದ ಸುಮಾರು 6,000 ಶಿಲೀಂಧ್ರ ತಳಿಗಳನ್ನು ಪರೀಕ್ಷಿಸಿ, 1973ರಲ್ಲಿ ಪೆನಿಸಿಲಿಯಂ ಸಿಟ್ರಿನಮ್ ಎಂಬ ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡುಕೊಂಡರು. ಅದೇ ಜಾಡಿನಲ್ಲಿ ಆಸ್ಪರ್ಜಿಲಸ್ ಟೆರಿಯಸ್‌ನಿಂದ ದೊರೆತ ಲೋವಾಸ್ಟ್ಯಾಟಿನ್ 1987ರಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಈ ಶಿಲೀಂಧ್ರವನ್ನು ಹುದುಗಿಸಿ ಲೋವಾಸ್ಟ್ಯಾಟಿನ್ ತಯಾರಿಸುವ ವಿದ್ಯೆ ನಮಗೆ ಹೊಸದಲ್ಲ. ಬೆಂಗಳೂರಿನ ಬಯೋಕಾನ್ 2001ರಲ್ಲೇ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಮಾನ್ಯತೆ ಪಡೆದಿತ್ತು. ಅಂದರೆ ಶಿಲೀಂಧ್ರವನ್ನು ಕಾರ್ಖಾನೆಯಲ್ಲಿ ಬೆಳೆಸಿ ಔಷಧಿ ಮಾಡುವ ಕೊನೆಯ ಹಂತ ನಮ್ಮ ರಾಜಧಾನಿಯಲ್ಲಿದೆ, ಶಿಲೀಂಧ್ರ ಹುಟ್ಟುವ ಕಾಡು ನಾನೂರು ಕಿಲೋಮೀಟರ್ ಒಳಗೆ ಇದೆ. ಇವೆರಡರ ನಡುವೆ ಇರಬೇಕಾದ, ಕಂಡದ್ದನ್ನು ಹಿಡಿದಿಟ್ಟು ಕಾಯುವ ವ್ಯವಸ್ಥೆ ಮಾತ್ರ ಇಲ್ಲ.

ಆ ನಡುವಿನ ವ್ಯವಸ್ಥೆಯ ಮಹತ್ವ ತಿಳಿಯಬೇಕಾದರೆ ಪೆನಿಸಿಲಿನ್ ಕಥೆಯ ಅಷ್ಟಾಗಿ ಹೇಳದ ಭಾಗವನ್ನು ನೋಡಬೇಕು. 1928ರಲ್ಲಿ ಫ್ಲೆಮಿಂಗ್ ಕಂಡ ತಳಿ ಕೊಡುತ್ತಿದ್ದ ಪೆನಿಸಿಲಿನ್ ತೀರಾ ಕಡಿಮೆ. ಯುದ್ಧಕಾಲದಲ್ಲಿ ಅಮೆರಿಕದ ಪಿಯೋರಿಯಾ ನಗರದ ಕೃಷಿ ಇಲಾಖೆಯ ಪ್ರಯೋಗಾಲಯ ಹೆಚ್ಚು ಇಳುವರಿಯ ತಳಿಗಾಗಿ ಎಲ್ಲೆಡೆ ಹುಡುಕಾಟ ನಡೆಸಿ, 1943ರಲ್ಲಿ ಅದೇ ಊರಿನ ಮಾರುಕಟ್ಟೆಯ ಬೂಷ್ಟು ಹಿಡಿದ ಕರಬೂಜ ಹಣ್ಣೊಂದರಲ್ಲಿ ಅದನ್ನು ಪಡೆಯಿತು. ಆ ತಳಿಗೆ ಎನ್‌ಆರ್‌ಆರ್‌ಎಲ್ 1951 ಎಂಬ ಸಂಖ್ಯೆ ಕೊಟ್ಟು ಭಂಡಾರದಲ್ಲಿ ಇಟ್ಟರು. ಆಮೇಲೆ ವಿಕಿರಣಕ್ಕೆ ಒಡ್ಡಿ, ಆಯ್ಕೆ ಮಾಡಿ ಸುಧಾರಿಸಿದ, ಇಂದು ಪ್ರಪಂಚಕ್ಕೆ ಪೆನಿಸಿಲಿನ್ ಒದಗಿಸುತ್ತಿರುವ ಕೈಗಾರಿಕಾ ತಳಿಗಳ ವಂಶಮೂಲ ಅದೇ. ಹಣ್ಣು ಕೊಳೆತು ಹೋಯಿತು, ತಳಿ ಉಳಿಯಿತು. ನೆದರ್ಲೆಂಡ್ಸ್‌ನಲ್ಲಿ 1904ರಲ್ಲಿ ಶುರುವಾದ ಶಿಲೀಂಧ್ರ ಭಂಡಾರ ಇಂದು ಉಟ್ರೆಕ್ಟ್ ನಗರದಲ್ಲಿ ಲಕ್ಷಕ್ಕೂ ಮಿಕ್ಕ ತಳಿಗಳನ್ನು ಕಾಯುತ್ತಿದೆ.

ನಮ್ಮ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ ಎಂಬುದನ್ನು ನೆನಪಿಸಬಯಸುತ್ತೇನೆ. ಮೈಸೂರು ಸಂಸ್ಥಾನ 1908ರಲ್ಲೇ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರನ್ನಾಗಿ ನೇಮಿಸಿಕೊಂಡಿತು; ಅಡಿಕೆಯ ಕೊಳೆರೋಗದ ಮೇಲೆ ಅವರು ಮಾಡಿದ ಕೆಲಸದ ಫಲವನ್ನು, ಬೋರ್ಡೋ ದ್ರಾವಣ ಹೊಡೆಯುವ ಪ್ರತಿಯೊಬ್ಬ ಬೆಳೆಗಾರ ಇಂದಿಗೂ ಉಣ್ಣುತ್ತಿದ್ದಾನೆ. ಮೈಸೂರು ಸೀಮೆಯ ತುಕ್ಕುರೋಗದ ಶಿಲೀಂಧ್ರಗಳನ್ನು ಅಧ್ಯಯನ ಮಾಡಿದ ಎಂ.ಜೆ. ತಿರುಮಲಾಚಾರ್ ಮುಂದೆ ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ಹ್ಯಾಮೈಸಿನ್ ಎಂಬ ಔಷಧವನ್ನು ಕಂಡುಹಿಡಿದ ತಂಡದ ಮುಂದಾಳಾದರು. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ, ಶಿಲೀಂಧ್ರ ಸೋಂಕಿಗೆ ಕೊಡುವ ಮದ್ದು ಅದು. ಇಂಥ ಪರಂಪರೆ ಇರುವ ರಾಜ್ಯದ ಸಂಶೋಧಕರು ಇಂದು ತಳಿ ಒಪ್ಪಿಸಬೇಕೆಂದರೆ ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೋ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಕ್ಕೋ ಕಳಿಸಬೇಕು. ಅವೆರಡೂ ಒಳ್ಳೆಯ ಸಂಸ್ಥೆಗಳು, ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಇಡೀ ದೇಶದ ಹೊರೆಯನ್ನು ಹೊತ್ತವು ನಮ್ಮ ಕಾಡಿನಲ್ಲಿ ಒಂದೇ ಮಳೆಗಾಲದಲ್ಲಿ ಏಳುವ ವೈವಿಧ್ಯವನ್ನೆಲ್ಲ ಸಂಗ್ರಹಿಸಲಾರವು.

ಅಣಬೆಯ ತಳಿಯನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಹೊರಗಿನಿಂದ ಕಾಣುವಷ್ಟು ಸುಲಭದ ಕೆಲಸವಲ್ಲ. ಬೂಷ್ಟುಗಳಾದರೆ ಬೀಜಕಗಳನ್ನು ಹೆಪ್ಪುಗಟ್ಟಿಸಿ ಒಣಗಿಸಿ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟು ದಶಕಗಳ ಕಾಲ ಇಡಬಹುದು. ಅಣಬೆಗಳ ಎಳೆಜಾಲ, ಅಂದರೆ ದಾರದಂತೆ ಹರಡಿ ಬೆಳೆಯುವ ಅವುಗಳ ದೇಹ, ಆ ವಿಧಾನಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಅದಕ್ಕೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕವೋ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರೋ ಬೇಕು. ಕಾಲೇಜುಗಳಲ್ಲಿ ಇರುವುದು ಮನೆಯ ಫ್ರಿಜ್ಜಿನಂಥದ್ದೇ ಒಂದು ಫ್ರಿಜ್ಜು. ಅದರಲ್ಲಿ ಅಗರ್ ತುಂಬಿದ ಕೊಳವೆಗಳಲ್ಲಿ ತಳಿಗಳನ್ನು ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ಹೊಸ ಕೊಳವೆಗೆ ದಾಟಿಸುತ್ತ ಹೋಗುತ್ತೇವೆ. ಜುಲೈ ತಿಂಗಳ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಹತ್ತಿಯ ಬಿರಡೆಯ ಮೂಲಕ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಒಳಗೆ ನುಸುಳಿ, ಒಂದು ಕೊಳವೆಯಿಂದ ಇನ್ನೊಂದಕ್ಕೆ ಹರಿದಾಡಿ, ಹೋದಲ್ಲೆಲ್ಲ ಹಸಿರು ಬೂಷ್ಟು ಬಿತ್ತಿ ಬರುತ್ತವೆ. ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದಾಗ ಬೆಳ್ಳಗೆ ಹರಡಿರಬೇಕಾದ ಎಳೆಜಾಲದ ಮೇಲೆ ಹಸಿರು ಪುಡಿ ಕಂಡರೆ ಆ ವಿದ್ಯಾರ್ಥಿಯ ಮುಖ ನೋಡಲಾಗುವುದಿಲ್ಲ. ಇಷ್ಟೆಲ್ಲ ದಾಟಿ ಉಳಿದ ತಳಿಯೂ ಪದೇ ಪದೇ ಮರುಬೆಳೆಸುವುದರಿಂದ ತನ್ನ ಸಂಯುಕ್ತವನ್ನು ತಯಾರಿಸುವುದನ್ನೇ ನಿಲ್ಲಿಸಿಬಿಡಬಹುದು. ಅಮೆರಿಕದ ಮೊಂಟಾನಾದ ಸಂಶೋಧಕರು 1993ರಲ್ಲಿ, ಯೂ ಮರದೊಳಗೆ ಬದುಕುವ ಶಿಲೀಂಧ್ರವೊಂದು ಆ ಮರದಿಂದ ಸಿಗುವ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧಿಯನ್ನು ತಾನೇ ತಯಾರಿಸುತ್ತದೆ ಎಂದು ಪ್ರಕಟಿಸಿದ ಮೇಲೆ, ನಮ್ಮ ದೇಶವೂ ಸೇರಿ ಹಲವೆಡೆ ಅಂಥವೇ ಶಿಲೀಂಧ್ರಗಳು ಸಿಕ್ಕವೆಂಬ ವರದಿಗಳು ಬಂದವು. ಇಳುವರಿ ಅತ್ಯಲ್ಪ, ಮರುಬೆಳೆಸಿದಂತೆ ಅದೂ ಮಾಯ. ಆ ಹಾದಿ ಕೈಗಾರಿಕೆಯನ್ನು ಮುಟ್ಟಲಿಲ್ಲ. ಒಂದು ಶಿಲೀಂಧ್ರವನ್ನು ಕಾಡಿನಿಂದ ತಂದ ಮೊದಲ ವಾರದಲ್ಲೇ ಅತಿಶೀತದಲ್ಲಿ ಇಟ್ಟುಬಿಡಬೇಕು ಎಂದು ನಾನು ಹಠ ಹಿಡಿಯುವುದು ಈ ಕಾರಣಕ್ಕೆ.

ಇನ್ನು ಪ್ರಯೋಗಾಲಯದಲ್ಲಿ ಬೆಳೆಯಲು ಒಪ್ಪದ ಅಣಬೆಗಳ ವಿಚಾರ. ಕರಾವಳಿಯಲ್ಲಿ ಮುಂಗಾರಿನ ಮೊದಲ ಗುಡುಗುಮಳೆ ಆದೊಡನೆ ಮುರಕಲ್ಲಿನ ನೆಲದಡಿ ಕಲ್ಲಣಬೆ ಗಂಟು ಕಟ್ಟುತ್ತದೆ. ಬೆಳ್ತಂಗಡಿ, ಕಾರ್ಕಳದ ಕಡೆ ಹೆಂಗಸರು ಕೋಲಿನಿಂದ ತರಗೆಲೆ ಸರಿಸಿ, ಗೋಲಿಯಷ್ಟಿರುವ ಅದನ್ನು ಒಂದೊಂದಾಗಿ ಕೆದಕಿ ತೆಗೆದು, ಮಣ್ಣು ತೊಳೆದು ಸಂತೆಗೆ ತರುತ್ತಾರೆ. ಕೊಳ್ಳುವವರ ಎದುರಿಗೇ ಒಂದನ್ನು ಉಗುರಿನಲ್ಲಿ ಸೀಳಿ ತೋರಿಸುತ್ತಾರೆ. ಒಳಗೆ ಹಾಲಿನಂತೆ ಬೆಳ್ಳಗಿದ್ದರೆ ಎಳೆಯದು, ಕಪ್ಪಾಗಿದ್ದರೆ ಬಲಿತು ಬೀಜಕ ಕಟ್ಟಿದೆ, ತಿನ್ನಲು ಬಾರದು. ಈ ಆಸ್ಟ್ರಿಯಸ್ ಕುಲದ ಅಣಬೆ ಕಿರಾಲಬೋಗಿ, ಧೂಪದಂಥ ಮರಗಳ ಬೇರಿಗೆ ಅಂಟಿಕೊಂಡೇ ಬದುಕುವಂಥದ್ದು. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಇದರ ಪೋಷಕಾಂಶಗಳನ್ನೂ ಜೈವಿಕ ಗುಣಗಳನ್ನೂ ಅಧ್ಯಯನ ಮಾಡಿದ್ದಾರೆ; ಇದೇ ಕುಲದ ಅಣಬೆಯಿಂದ ಬಂಗಾಳದ ಸಂಶೋಧಕರು ಆಸ್ಟ್ರಕುರ್ಕುರೋನ್ ಎಂಬ ಟ್ರೈಟರ್ಪೀನನ್ನು ಬೇರ್ಪಡಿಸಿ, ಕಾಳಾ ಅಜಾರ್ ರೋಗದ ಪರಾವಲಂಬಿಯ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸಿದ್ದಾರೆ. ಹುತ್ತದ ಅಣಬೆಗಳದ್ದೂ ಇಂಥದೇ ಕಥೆ. ಗೆದ್ದಲು ತನ್ನ ಗೂಡಿನಲ್ಲಿ ಸಾಕುವ ಟರ್ಮಿಟೊಮೈಸೆಸ್ ಅನ್ನು ಮನುಷ್ಯ ಇನ್ನೂ ತೋಟದ ಬೆಳೆಯಾಗಿ ಪಳಗಿಸಿಲ್ಲ. ಆ ಕುಲದ ಏಷ್ಯಾದ ಪ್ರಭೇದವೊಂದರಿಂದ ಜಪಾನಿನ ವಿಜ್ಞಾನಿಗಳು, ಪ್ರಯೋಗಾಲಯದ ಕೋಶಗಳಲ್ಲಿ ನರತಂತುಗಳ ಬೆಳವಣಿಗೆಯನ್ನು ಪ್ರಚೋದಿಸುವ ಸಂಯುಕ್ತಗಳನ್ನು 2000ರಲ್ಲಿ ಬೇರ್ಪಡಿಸಿದರು. ಇಂಥ ಅಣಬೆಗಳನ್ನು ಫ್ರೀಜರಿನಲ್ಲಿ ಇಟ್ಟಷ್ಟಕ್ಕೆ ಕಾಪಾಡಿದಂತೆ ಆಗುವುದಿಲ್ಲ, ಅವು ನಿಂತ ಮರ ಮತ್ತು ಹುತ್ತ ಉಳಿಯಬೇಕು. ಮುರಕಲ್ಲಿನ ನೆಲವನ್ನು ಬಂಜರು ಎಂದು ಬಗೆದು ಅಕೇಶಿಯಾ ನೆಡುವ ಮುನ್ನ, ಅಲ್ಲಿ ಜೂನ್ ತಿಂಗಳಲ್ಲಿ ಏನು ಏಳುತ್ತದೆ ಎಂದು ಊರಿನವರನ್ನು ಕೇಳಿ ದಾಖಲಿಸುವ ಪದ್ಧತಿ ಅರಣ್ಯ ಇಲಾಖೆಯಲ್ಲಿ ಬರಬೇಕು.

ಊರಿನವರ ತಿಳಿವಳಿಕೆಯನ್ನು ದಾಖಲಿಸುವಾಗ ಅವರ ಹಕ್ಕನ್ನೂ ದಾಖಲಿಸಬೇಕಾಗುತ್ತದೆ. 1969ರಲ್ಲಿ ಸ್ವಿಸ್ ಔಷಧ ಕಂಪನಿಯ ಉದ್ಯೋಗಿಯೊಬ್ಬರು ನಾರ್ವೆಯ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಗೆ ರಜೆಗೆಂದು ಹೋದವರು ಅಲ್ಲಿನ ಮಣ್ಣನ್ನು ಚೀಲದಲ್ಲಿ ತಂದರು. ಅದರಲ್ಲಿದ್ದ ಶಿಲೀಂಧ್ರದಿಂದ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧ ದೊರೆಯಿತು, ಮೂತ್ರಪಿಂಡ ಮತ್ತು ಹೃದಯ ಕಸಿ ಇಂದು ಸಾಧ್ಯವಾಗಿರುವುದರಲ್ಲಿ ಅದರ ಪಾಲು ದೊಡ್ಡದು. ಕಂಪನಿಗೆ ಅಪಾರ ವರಮಾನ ಬಂತು. ಆ ಕಾಲಕ್ಕೆ ಜೀವಿ ಸಿಕ್ಕ ನಾಡಿಗೆ ಲಾಭದ ಪಾಲು ಕೊಡಿಸುವ ಕಾನೂನೇ ಇಲ್ಲದ್ದರಿಂದ ನಾರ್ವೆಗೆ ಪಾಲು ಸಿಗಲಿಲ್ಲ. ನಮ್ಮಲ್ಲಿ ಈಗ 2002ರ ಜೀವವೈವಿಧ್ಯ ಕಾಯ್ದೆ ಇದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ, ಊರಿನ ಜೀವಿಗಳ ಬಗ್ಗೆ ಜನರ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇದೆ. ಆದರೆ ಪಾಲು ಕೇಳಬೇಕಾದರೆ, ಈ ತಳಿ ಇಂಥ ಪಂಚಾಯಿತಿಯ ಕಾಡಿನಿಂದ ಇಂಥ ದಿನ ಬಂದದ್ದು ಎಂದು ತೋರಿಸುವ ಪುರಾವೆ ಬೇಕು. ಆ ಪುರಾವೆ ಸಿಗುವ ಜಾಗ ತಳಿಭಂಡಾರದ ದಾಖಲೆ ಪುಸ್ತಕ. ಕೇರಳದ ಕಾಣಿ ಸಮುದಾಯ ತೋರಿಸಿಕೊಟ್ಟ ಆರೋಗ್ಯಪಚ್ಚೆ ಗಿಡದಿಂದ ಜೀವನಿ ಎಂಬ ಔಷಧ ತಯಾರಾದಾಗ, ಪರವಾನಗಿ ಶುಲ್ಕದ ಅರ್ಧಭಾಗವನ್ನು ಆ ಸಮುದಾಯದೊಂದಿಗೆ ಹಂಚಿಕೊಳ್ಳಲಾಯಿತು. ಆ ಏರ್ಪಾಟಿನಲ್ಲಿ ಮುಂದೆ ತೊಡಕುಗಳು ಬಂದರೂ ದಾರಿಯಂತೂ ತೋರಿತು. ಮಲೆಕುಡಿಯರು, ಕುಣಬಿಗಳು, ಸೋಲಿಗರು ತೋರಿಸಿಕೊಡುವ ಅಣಬೆಯ ವಿಷಯದಲ್ಲೂ ಮೊದಲ ದಿನದಿಂದಲೇ ಹೀಗೆ ನಡೆಯಬೇಕು. ಜನತಾ ದಾಖಲಾತಿಯಲ್ಲಿ ಅಣಬೆಗೆ ಅದರದೇ ಪುಟಗಳಿರಲಿ. ಯಾವ ಜಾಗದಲ್ಲಿ ಏಳುತ್ತದೆ ಎಂಬ ಗುಟ್ಟನ್ನು ಮಾತ್ರ ಸಮಿತಿ ಬಹಿರಂಗ ಮಾಡದಿರಲಿ, ಏಕೆಂದರೆ ಎಷ್ಟೋ ಮನೆಗಳಿಗೆ ಮಳೆಗಾಲದ ನಗದು ಬರುವುದು ಅದರಿಂದಲೇ.

ಸಾರದ ಹಂತದಲ್ಲೇ ನಿಲ್ಲುವ ಸಂಶೋಧನೆಯಿಂದ ಇನ್ನೊಂದು ಕೇಡಾಗುತ್ತಿದೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತಿತು ಎಂಬ ಪ್ರಬಂಧದ ಒಂದು ಸಾಲನ್ನು ಹಿಡಿದು, ಗ್ಯಾನೋಡರ್ಮಾ ಮಾತ್ರೆಯನ್ನೂ ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರದ ಪುಡಿಯನ್ನೂ ರೋಗಿಗಳ ಮನೆ ಬಾಗಿಲಿಗೆ ಮಾರುವವರಿದ್ದಾರೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಶಿಟಾಕೆ ಅಣಬೆಯ ಲೆಂಟಿನಾನ್ ಜಪಾನಿನಲ್ಲಿ 1985ರಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆದದ್ದು ನಿಜ. ಅದು ಶುದ್ಧೀಕರಿಸಿದ, ರಚನೆ ಗೊತ್ತಿರುವ ಬೀಟಾ ಗ್ಲೂಕಾನ್ ಎಂಬ ಸಕ್ಕರೆ ಕಣಗಳ ಸರಪಳಿ. ಹೊಟ್ಟೆಯ ಕ್ಯಾನ್ಸರಿಗೆ ಕಿಮೋಥೆರಪಿಯ ಜೊತೆಗೆ ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದು. ಅಣಬೆ ತಿಂದವರಿಗೆ ಆ ಫಲ ಬರುತ್ತದೆ ಎಂದು ಅದರಿಂದ ಹೇಳಲಾಗುವುದಿಲ್ಲ. ಚಿಕಿತ್ಸೆ ಬಿಟ್ಟು ಪುಡಿ ನಂಬಿದ ಕುಟುಂಬಗಳನ್ನು ನಾನು ಬಲ್ಲೆ. ಶುದ್ಧ ಸಂಯುಕ್ತ, ಅದರ ಪ್ರಮಾಣ, ಅದರ ವಿಷಗುಣ ಇವನ್ನು ಹೇಳದೆ ಗುಣದ ಮಾತಾಡುವ ಪ್ರಬಂಧಕ್ಕೆ ಸರ್ಕಾರದ ಹಣ ಹೋಗಬಾರದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನನಗೆ ತೋರುವುದಿಲ್ಲ.

ಒಂದು ಆಶಾದಾಯಕ ಸಂಗತಿಯನ್ನೂ ಹೇಳುತ್ತ ಕೋರಿಕೆಯ ವಿವರಗಳಿಗೆ ಬರುತ್ತೇನೆ. ಕೊನೆಯ ಸಾಲಿನ ಪ್ರತಿಜೀವಕಗಳನ್ನೂ ಮಣಿಸುವ ಎನ್‌ಡಿಎಂ-1 ಎಂಬ ಬ್ಯಾಕ್ಟೀರಿಯಾ ಕಿಣ್ವದ ಹೆಸರಿನಲ್ಲಿ ನವದೆಹಲಿಯ ಹೆಸರೇ ಸೇರಿದೆ, ನಮ್ಮ ಐಸಿಯುಗಳಿಗೆ ಅದು ದಿನನಿತ್ಯದ ತಲೆನೋವು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುವ ಆಸ್ಪರ್ಜಿಲೋಮರಾಸ್ಮಿನ್ ಎಂಬ ಸಂಯುಕ್ತವನ್ನು ಗುರುತಿಸಿತು. ಅದು ಬಂದದ್ದು ಆ ದೇಶದ ಮಣ್ಣಿನ ಒಂದು ಆಸ್ಪರ್ಜಿಲಸ್ ತಳಿಯಿಂದ. ಗಿಡಗಳನ್ನು ಬಾಡಿಸುವ ವಿಷವೆಂದು 1960ರ ದಶಕದಲ್ಲೇ ಗೊತ್ತಿದ್ದ ಸಂಯುಕ್ತ ಅದು. ಹೊಸ ಪ್ರಶ್ನೆ ಕೇಳಿದಾಗ ಹೊಸ ಗುಣ ಹೊರಬಿತ್ತು. ಅದಿನ್ನೂ ರೋಗಿಗಳಿಗೆ ಕೊಡುವ ಔಷಧಿಯಾಗಿಲ್ಲ. ಆದರೂ, ನಾಳೆ ಯಾವ ರೋಗ ಬರುತ್ತದೆ, ಆಗ ಯಾವ ಪ್ರಶ್ನೆ ಕೇಳಬೇಕಾಗುತ್ತದೆ ಎಂದು ಇವತ್ತು ಊಹಿಸಲಾಗದು. ತಳಿ ಕೈಯಲ್ಲಿದ್ದರೆ ಕೇಳಬಹುದು.

ಆದ್ದರಿಂದ ತಳಿಭಂಡಾರವನ್ನು ಮೂರು ವರ್ಷದ ಯೋಜನೆಯಾಗಿ ಮಂಜೂರು ಮಾಡಬೇಡಿ ಎಂದು ವಿನಂತಿಸುತ್ತೇನೆ. ಯೋಜನೆ ಮುಗಿದ ದಿನ ದ್ರವ ಸಾರಜನಕ ತುಂಬುವವರಿಲ್ಲದೆ ಎಲ್ಲವೂ ಸಾಯುತ್ತದೆ. ಕಾಯಂ ಹುದ್ದೆಗಳು, ಅದರಲ್ಲೂ ಅಣಬೆ ವರ್ಗೀಕರಣ ಬಲ್ಲವರ ಹುದ್ದೆಗಳು ಬೇಕು. ಕ್ಷೇತ್ರದಲ್ಲಿ ನಿಂತು ಅಣಬೆಯನ್ನು ಗುರುತಿಸಬಲ್ಲವರು ನಿವೃತ್ತರಾಗುತ್ತಿದ್ದಾರೆ, ಅವರ ಜಾಗಕ್ಕೆ ಯಾರೂ ಬರುತ್ತಿಲ್ಲ. ಭಂಡಾರ ಶಿವಮೊಗ್ಗ, ಮಂಗಳೂರು, ಮೈಸೂರು ಎಲ್ಲಿದ್ದರೂ ಸರಿಯೇ, ಪ್ರತಿಗಳು ಎರಡು ಊರುಗಳಲ್ಲಿ ಇರಲಿ. ಸಂಯುಕ್ತದ ರಚನೆ ತಿಳಿಯಲು ಬೇಕಾದ ಎನ್‌ಎಂಆರ್, ಮಾಸ್ ಸ್ಪೆಕ್ಟ್ರೋಮೀಟರ್‌ಗಳು ಬೆಂಗಳೂರು, ಮೈಸೂರುಗಳಲ್ಲಿವೆ. ಪ್ರತಿ ಕಾಲೇಜಿಗೂ ಒಂದೊಂದು ಕೊಳ್ಳುವ ಬದಲು, ತಾಲ್ಲೂಕು ಕೇಂದ್ರದ ಸಂಶೋಧಕ ತನ್ನ ಮಾದರಿಯನ್ನು ಅಲ್ಲಿ ಓದಿಸಿಕೊಳ್ಳಲು ತಗಲುವ ಶುಲ್ಕವನ್ನು ಸರ್ಕಾರ ಭರಿಸಿದರೆ ಸಾಕು. ಈಗಾಗಲೇ ಗೊತ್ತಿರುವ ಸಂಯುಕ್ತವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಬೇರ್ಪಡಿಸುವ ವ್ಯರ್ಥ ಶ್ರಮ ಇದೊಂದರಿಂದಲೇ ಬಹುಪಾಲು ತಪ್ಪುತ್ತದೆ. ಪಿಎಚ್‌.ಡಿ. ಮೌಲ್ಯಮಾಪನದಲ್ಲಿ ಭಂಡಾರದ ಸಂಖ್ಯೆ ಮತ್ತು ಡಿಎನ್‌ಎ ಅನುಕ್ರಮದ ಸಂಖ್ಯೆ ಇಲ್ಲದ ಅಣಬೆ ಪ್ರಬಂಧವನ್ನು ಸ್ವೀಕರಿಸಬಾರದೆಂದು ವಿಶ್ವವಿದ್ಯಾಲಯಗಳಿಗೆ ಸುತ್ತೋಲೆ ಹೊರಡಿಸಲು ಹಣವೂ ಬೇಕಾಗುವುದಿಲ್ಲ.

ಕೊನೆಯದಾಗಿ ಕಾಲದ ವಿಷಯ. ಅಣಬೆಗಳು ಏಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅನುದಾನದ ಮೊದಲ ಕಂತು ಕೈಸೇರುವುದು ಸಾಮಾನ್ಯವಾಗಿ ಅದಾದ ಮೇಲೆ, ಮಾರ್ಚ್ ಒಳಗೆ ಖರ್ಚು ತೋರಿಸಬೇಕು ಎಂಬ ಷರತ್ತಿನೊಂದಿಗೆ. ಕಾಡಿನೊಳಗೆ ಹೋಗಲು ಕೊಡುವ ಅನುಮತಿ ಪತ್ರವೂ ಎಷ್ಟೋ ಸಲ ಮಳೆ ನಿಂತ ಮೇಲೆ ಬರುತ್ತದೆ. ಶಿಲೀಂಧ್ರ ಸಂಶೋಧನೆಯ ಅನುದಾನವನ್ನೂ ಅರಣ್ಯ ಪ್ರವೇಶದ ಅನುಮತಿಯನ್ನೂ ಪ್ರತಿ ವರ್ಷ ಮೇ 15ರ ಒಳಗೆ ಕೊಡುವಂತೆ ಎರಡೂ ಇಲಾಖೆಗಳು ಸೇರಿ ಆದೇಶ ಹೊರಡಿಸಬೇಕು. ಬರುವ ಮುಂಗಾರಿಗೆ ಮುನ್ನ ತಾವು ಈ ವಿಷಯದ ಬಗ್ಗೆ ವಿಶ್ವವಿದ್ಯಾಲಯಗಳ ಶಿಲೀಂಧ್ರ ಸಂಶೋಧಕರು, ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಪ್ರತಿನಿಧಿಗಳು ಮತ್ತು ಅಣಬೆ ಆಯುವ ಕುಟುಂಬಗಳವರನ್ನು ಕರೆದು ಒಂದು ಸಭೆ ನಡೆಸಿದರೆ, ಅಲ್ಲಿ ಇಡಬೇಕಾದ ತಳಿಭಂಡಾರದ ಕರಡು ಯೋಜನೆಯನ್ನು ಸಿದ್ಧಪಡಿಸಿ ತರಲು ನಾನು ಮತ್ತು ನನ್ನ ಸಹೋದ್ಯೋಗಿಗಳು ತಯಾರಿದ್ದೇವೆ. ಸಭೆಯ ದಿನಾಂಕವನ್ನು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಸೂಕ್ಷ್ಮಜೀವಶಾಸ್ತ್ರ ಅಧ್ಯಾಪಕಿ